ಬೆಳಗಿನ ಕಾಫಿ ಹೊತ್ತಿಗೆ ಸಿಯಾಟಲ್ ಪಂದ್ಯ: ಓದುಗರು ಕೇಳಿದ್ದು, ನಾನು ಹೇಳಿದ್ದು

ಹಿಂದಿನ ಸಂಚಿಕೆಯಲ್ಲಿ, ಮೈಸೂರಿನ ನಮ್ಮ ಮನೆಯಲ್ಲಿ ಕೂತೇ ಅಮೆರಿಕದ ಸಿಯಾಟಲ್ ಮ್ಯಾರಿನರ್ಸ್ ಬೇಸ್‌ಬಾಲ್ ತಂಡವನ್ನು ಹಚ್ಚಿಕೊಂಡಿರುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ನೋಡಿ ನನಗೇ ಆಶ್ಚರ್ಯ. ಅಡುಗೆ, ಆರೋಗ್ಯ, ಅತ್ತೆ-ಸೊಸೆ ವಿಷಯಗಳಿಗೂ ಇಷ್ಟು ಪತ್ರ ಬರುವುದು ಅಪರೂಪ. ಮಾರ್ಚ್ ಕೊನೆಗೆ ಹೊಸ ಸೀಸನ್ ಶುರುವಾಗುತ್ತದೆ. ಅಷ್ಟರೊಳಗೆ ಎಲ್ಲರಿಗೂ ಉತ್ತರ ಮುಟ್ಟಲಿ ಅಂತ ಈ ಸಲದ ಪುಟಗಳನ್ನು ಪೂರ್ತಿ ಅದಕ್ಕೇ ಬಿಟ್ಟಿದ್ದೇನೆ. ಒಂದೇ ಥರದ ಪ್ರಶ್ನೆಗಳನ್ನು ಸೇರಿಸಿಕೊಂಡಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ಮೇಡಂ, ಕಳೆದ ವರ್ಷ ಕ್ಯಾಲ್ ರಾಲಿ 60 ಹೋಮ್ ರನ್ (ನಮ್ಮ ಸಿಕ್ಸರಿನ ಹಾಗೆ ಚೆಂಡನ್ನು ಬೇಲಿಯಾಚೆ ಕಳಿಸುವುದು) ಹೊಡೆದ ವಿಡಿಯೊಗಳನ್ನು ನೋಡಿ ನನಗೂ ಈ ತಂಡ ಇಷ್ಟವಾಯಿತು. ಆದರೆ ಒಂದು ಸೀಸನ್‌ಗೆ 162 ಪಂದ್ಯ ಅಂತೆ! ಕಾಲೇಜು ಬಿಟ್ಟು ಇದನ್ನೇ ನೋಡಲಾಗುತ್ತಾ? ಎಲ್ಲಿಂದ ಶುರು ಮಾಡಲಿ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಕಾಲೇಜು ಬಿಡಬೇಡಿ. ಬಿಡುವ ಅಗತ್ಯವೂ ಇಲ್ಲ, ಸಮಯ ನಮ್ಮ ಕಡೆಗೇ ಇದೆ. ಸೀಸನ್ ನಡೆಯುವ ತಿಂಗಳುಗಳಲ್ಲಿ ಸಿಯಾಟಲ್‌ಗಿಂತ ನಾವು ಹನ್ನೆರಡೂವರೆ ಗಂಟೆ ಮುಂದೆ. ಅಲ್ಲಿ ಸಂಜೆ 6:40ಕ್ಕೆ ಮೊದಲ ಚೆಂಡು ಎಸೆದರೆ ಇಲ್ಲಿ ಮರುದಿನ ಬೆಳಿಗ್ಗೆ 7:10. ಹಾಲು ಕಾಯಿಸಿ, ಡಿಕಾಕ್ಷನ್ ಇಳಿಯುವ ಹೊತ್ತು. 2023ರಿಂದ ಪಿಚ್ ಕ್ಲಾಕ್ ಬಂದಿದೆ. ಬೇಸ್‌ಗಳಲ್ಲಿ (ಬ್ಯಾಟರ್ ರನ್ನಿಗಾಗಿ ಒಂದೊಂದಾಗಿ ಮುಟ್ಟುತ್ತಾ ಓಡುವ ನೆಲೆಗಳು) ಯಾರೂ ಇಲ್ಲದಿದ್ದರೆ 15 ಸೆಕೆಂಡಿನೊಳಗೆ ಪಿಚರ್, ಅಂದರೆ ಚೆಂಡು ಎಸೆಯುವವನು, ಎಸೆಯಲೇಬೇಕು. ಮೊದಲು ಮೂರು ಗಂಟೆ ಮೀರುತ್ತಿದ್ದ ಪಂದ್ಯ ಈಗ ಸರಾಸರಿ ಎರಡು ಗಂಟೆ ನಲವತ್ತು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ. ಹತ್ತು ಗಂಟೆಯ ಕ್ಲಾಸಿಗೆ ಹೋಗಬಹುದು.

ತಂಡ ಪೂರ್ವ ಕರಾವಳಿಗೆ ಹೋದಾಗ ಸ್ವಲ್ಪ ಕಷ್ಟ. ನ್ಯೂಯಾರ್ಕ್, ಬಾಸ್ಟನ್‌ನಲ್ಲಿ ಸಂಜೆ ಏಳರ ಪಂದ್ಯವೆಂದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಸಿಯಾಟಲ್‌ನಲ್ಲೇ ಮಧ್ಯಾಹ್ನ ಆಡಿದರೆ ನಮಗೆ ರಾತ್ರಿ ಒಂದು, ಒಂದೂವರೆ. ಪರೀಕ್ಷೆ ಇಲ್ಲದ ದಿನ ಅದೂ ನಡೆಯುತ್ತದೆ. 2012ರ ಆಗಸ್ಟ್ 15ರಂದು ನಮ್ಮ ಪಿಚರ್ ಫೀಲಿಕ್ಸ್ ಹೆರ್ನಾಂಡೆಸ್ ಎದುರಾಳಿಯ 27 ಜನರನ್ನೂ ಸಾಲಾಗಿ, ಒಬ್ಬನನ್ನೂ ಮೊದಲ ಬೇಸ್ ಮುಟ್ಟಲು ಬಿಡದೆ ಔಟ್ ಮಾಡಿದ. ಮ್ಯಾರಿನರ್ಸ್ ಇತಿಹಾಸದ ಏಕೈಕ ‘ಪರ್ಫೆಕ್ಟ್ ಗೇಮ್’ ಅದು. ನಮ್ಮಲ್ಲಿ ಸ್ವಾತಂತ್ರ್ಯ ದಿನ ಕಳೆದು ಮಧ್ಯರಾತ್ರಿ ದಾಟಿತ್ತು, ಇಡೀ ಬೀದಿ ನಿದ್ದೆಯಲ್ಲಿತ್ತು. ನಾನು ಮಾತ್ರ ಇಯರ್‌ಫೋನ್ ಸಿಕ್ಕಿಸಿಕೊಂಡು ಅಡುಗೆಮನೆಯಲ್ಲಿ ನಿಂತಿದ್ದೆ. ಒಂದು ರನ್ನಿಗೆ ಸೊನ್ನೆ. ಇವತ್ತು ನೆನೆದರೂ ಮೈ ಜುಮ್ಮೆನ್ನುತ್ತದೆ.

ಈಗ, ಎಲ್ಲಿಂದ ಶುರು ಮಾಡಬೇಕು? ನನ್ನ ಸಲಹೆ ಕೆಲವರಿಗೆ ಹಿಡಿಸದು. ವಿಡಿಯೊಗಿಂತ ಮೊದಲು ರೇಡಿಯೊ. ಲೀಗಿನ ಅಧಿಕೃತ ಆ್ಯಪ್‌ನಲ್ಲಿ ಬರೀ ಆಡಿಯೊಗೆ ಬೇರೆ ಚಂದಾ ಇದೆ, ವಿಡಿಯೊಗಿಂತ ಬಹಳ ಅಗ್ಗ. ನೀವು ನೋಡಿದ ವಿಡಿಯೊಗಳಲ್ಲಿ ಹೋಮ್ ರನ್ ಮಾತ್ರ ಇರುತ್ತದೆ. ಆ ಹೋಮ್ ರನ್ನಿಗೆ ಮೊದಲು ಬ್ಯಾಟರ್ ಹೊಡೆಯದೆ ಬಿಟ್ಟ ಎಸೆತಗಳು, ಪಿಚರ್ ಬೆವರೊರೆಸಿಕೊಂಡದ್ದು, ಬ್ಯಾಟರ್ ಹಿಂದೆ ಕೂತು ಚೆಂಡು ಹಿಡಿಯುವ ಕ್ಯಾಚರ್ ಎದ್ದುಹೋಗಿ ಅವನ ಹೆಗಲ ಮೇಲೆ ಕೈಯಿಟ್ಟು ಮಾತಾಡಿದ್ದು, ಇವೆಲ್ಲ ಸಿಗುವುದು ಪೂರ್ತಿ ಪಂದ್ಯದಲ್ಲಿ. ರೇಡಿಯೊದವರು ಅದನ್ನೆಲ್ಲ ಬಿಡಿಸಿ ಹೇಳುತ್ತಾರೆ. ಚಂದ್ರಶೇಖರ್ ಬೌಲಿಂಗನ್ನು ಟ್ರಾನ್ಸಿಸ್ಟರಿನಲ್ಲೇ ‘ನೋಡಿ’ ಬೆಳೆದ ತಲೆಮಾರು ನನ್ನದು, ಆ ಪಕ್ಷಪಾತ ನನಗಿದ್ದೇ ಇದೆ.

ಇನ್ನೊಂದು ಕೆಲಸ ಮಾಡಿ. ಒಂದು ಲಾಂಗ್ ನೋಟ್‌ಬುಕ್ ತಗೊಂಡು ಸ್ಕೋರ್ ಬರೆಯಿರಿ. ಎಡಕ್ಕೆ ಒಂಬತ್ತು ಬ್ಯಾಟರ್‌ಗಳ ಹೆಸರು ಒಂದರ ಕೆಳಗೊಂದು, ಮೇಲೆ ಒಂಬತ್ತು ಇನ್ನಿಂಗ್ಸ್, ನಡುವೆ ಮನೆಗಳು. ಪ್ರತಿ ಆಟಗಾರನ ಜಾಗಕ್ಕೂ ಒಂದು ಅಂಕಿ ಇದೆ: ಪಿಚರ್ 1, ಕ್ಯಾಚರ್ 2, ಮೂರು ಬೇಸ್‌ಗಳವರು 3, 4, 5, ಎರಡನೇ-ಮೂರನೇ ಬೇಸ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಗಿನ ಮೂವರು ಎಡದಿಂದ 7, 8, 9. ಶಾರ್ಟ್‌ಸ್ಟಾಪ್ ಚೆಂಡು ಹಿಡಿದು ಎರಡನೇ ಬೇಸಿಗೆ, ಅಲ್ಲಿಂದ ಮೊದಲನೇ ಬೇಸಿಗೆ ಎಸೆದು ಇಬ್ಬರನ್ನು ಒಟ್ಟಿಗೆ ಔಟ್ ಮಾಡಿದರೆ 6-4-3 ಅಂತ ಬರೆದರಾಯಿತು. ಮೂರು ಸ್ಟ್ರೈಕ್ ಆಗಿ (ಬೀಸಿ ತಪ್ಪಿದ, ಇಲ್ಲವೇ ಹೊಡೆಯಬಹುದಾದ ಎಸೆತ ಬಿಟ್ಟ ಲೆಕ್ಕ) ಔಟಾದರೆ, ಅಂದರೆ ಸ್ಟ್ರೈಕ್‌ಔಟ್ ಆದರೆ, ಇಂಗ್ಲಿಷಿನ ‘ಕೆ’ ಅಕ್ಷರ. ಬ್ಯಾಟ್ ಬೀಸದೆ ನೋಡುತ್ತಾ ನಿಂತೇ ಔಟಾದರೆ ಅದೇ ‘ಕೆ’ಯನ್ನು ಹಿಂದುಮುಂದಾಗಿ ಬರೆಯುತ್ತಾರೆ. ನಾನು ಮೂವತ್ತಕ್ಕೂ ಹೆಚ್ಚು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು, ಚೌಕಗಳು ತುಂಬುತ್ತಾ ಹೋದರೆ ಸಮಾಧಾನ. ಎರಡು ವಾರ ಹೀಗೆ ಬರೆದು ನೋಡಿ, ಆಮೇಲೆ ಇನ್ಯಾರಿಂದಲೂ ಹೇಳಿಸಿಕೊಳ್ಳಬೇಕಾಗಿಲ್ಲ.

162 ಪಂದ್ಯವನ್ನೂ ಕೇಳಲು ಯಾರಿಂದಲೂ ಆಗದು. ಆದರೆ ಪ್ರತಿದಿನ ಫಲಿತಾಂಶ ನೋಡಿ, ವಾರಕ್ಕೆ ಎರಡು ಮೂರು ಪಂದ್ಯ ಪೂರ್ತಿ ಕೇಳಿ. ಬರೀ ಅಕ್ಟೋಬರಿನ ದೊಡ್ಡ ಪಂದ್ಯಗಳಿಗೆ ಬಂದು ಕೂರುವವರಿಗೆ ಆ ಅಕ್ಟೋಬರು ಅರ್ಧವೇ ದಕ್ಕುತ್ತದೆ.

ಅಕ್ಕಾರ, ನನ್ನ ಮಗ ಸಿಯಾಟಲ್‌ನಾಗ ನೌಕರಿ ಮಾಡತಾನ. ಫೋನ್ ಮಾಡಿದಾಗೊಮ್ಮೆ ‘ಊಟ ಆತೇನು, ಥಂಡಿ ಭಾಳ ಐತೇನು’ ಅಂತ ಕೇಳಿದ ಮ್ಯಾಲ ನನಗ ಮಾತ ಸಿಗಂಗಿಲ್ಲ. ಅವಂಗ ನೀವು ಬರದ ಟೀಮಿಂದ ಹುಚ್ಚು. ನನಗ ಆಟದ ಗಂಧಾನೂ ಗೊತ್ತಿಲ್ಲ. ಅವನ ಜೋಡಿ ಏನ ಮಾತಾಡ್ಲಿ?
— ಗೃಹಿಣಿ, ಧಾರವಾಡ

ನಿಮ್ಮ ಪತ್ರವನ್ನು ಎರಡು ಸಲ ಓದಿದೆ ಅಕ್ಕಾರ. ನಾನು ಈ ತಂಡಕ್ಕೆ ಅಂಟಿಕೊಂಡದ್ದೇ ಹೀಗೆ, ಮಕ್ಕಳ ಜೊತೆ ಮಾತಿಗೆ ಒಂದು ದಾರಿ ಬೇಕಾಗಿ.

2010ರಲ್ಲಿ ಮಗಳ ಬಾಣಂತನಕ್ಕೆ ಅಂತ ರೆಡ್‌ಮಂಡ್‌ಗೆ ಹೋಗಿದ್ದೆ. ಸಿಯಾಟಲ್ ಪಕ್ಕದ ಊರು. ಅಳಿಯಂದಿರು ಮಿತಭಾಷಿ. ನನಗೆ ಅಲ್ಲಿ ಪರಿಚಯದವರಿಲ್ಲ. ಸಂಜೆ ಮಗು ಮಲಗಿದ ಮೇಲೆ ಅವರು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಾ ರೇಡಿಯೊ ಹಾಕುತ್ತಿದ್ದರು. ಡೇವ್ ನೀಹಾಸ್ ಎಂಬ ಹಿರಿಯರ ದನಿ. 1977ರಲ್ಲಿ ಮ್ಯಾರಿನರ್ಸ್ ತಂಡ ಹುಟ್ಟಿದ ಮೊದಲ ದಿನದಿಂದಲೂ ಕಾಮೆಂಟರಿ ಹೇಳುತ್ತಿದ್ದವರು. ಏನಾದರೂ ಅದ್ಭುತ ಆದಾಗ ‘ಮೈ ಓ ಮೈ!’ ಅನ್ನುತ್ತಿದ್ದರು, ನಮ್ಮ ಮನೆಯ ಹಿರಿಯರು ‘ಅಬ್ಬಬ್ಬಾ’ ಅಂದ ಹಾಗೆ. ಆ ವರ್ಷ ತಂಡ ಸೋತದ್ದು 101 ಪಂದ್ಯ! ಫೀಲಿಕ್ಸ್ ಅಷ್ಟು ಚೆನ್ನಾಗಿ ಎಸೆದರೂ ಗೆದ್ದದ್ದು 13, ಸೋತದ್ದು 12, ಯಾಕೆಂದರೆ ಬ್ಯಾಟರ್‌ಗಳು ರನ್ನೇ ಹೊಡೆಯುತ್ತಿರಲಿಲ್ಲ. ಆದರೂ ಲೀಗಿನ ಶ್ರೇಷ್ಠ ಪಿಚರಿಗೆ ಕೊಡುವ ಸೈ ಯಂಗ್ ಪ್ರಶಸ್ತಿ ಅವನಿಗೇ ಬಂತು. ಅಳಿಯಂದಿರು ನನಗೆ ನಿಯಮ ವಿವರಿಸತೊಡಗಿದರು. ಅದಕ್ಕೆ ಮೊದಲು ಅವರು ನನ್ನೊಂದಿಗೆ ಒಟ್ಟಿಗೆ ನಾಲ್ಕು ವಾಕ್ಯ ಆಡಿದ್ದಿಲ್ಲ. ನಾನು ಮೈಸೂರಿಗೆ ಮರಳಿದ ಮೇಲೆ, ನವೆಂಬರಿನಲ್ಲಿ ನೀಹಾಸ್ ತೀರಿಕೊಂಡ ಸುದ್ದಿಯನ್ನು ಫೋನ್ ಮಾಡಿ ಹೇಳಿದ್ದೂ ಅಳಿಯಂದಿರೇ. ಮಗಳ ಕೈಗೆ ಫೋನ್ ಕೊಡದೆ ತಾವೇ ಮಾತಾಡಿದ್ದು ಅದೇ ಮೊದಲು.

ಹಾಗಾಗಿ ನಿಮಗೆ ಆಟ ಪೂರ್ತಿ ಗೊತ್ತಾಗಬೇಕೆಂದಿಲ್ಲ. ಮಗನನ್ನು ಕೇಳಿ: ‘ಇವತ್ತು ಪಿಚರ್ ಯಾರಪಾ?’ ತಂಡದಲ್ಲಿ ಪಂದ್ಯ ಆರಂಭಿಸುವ ಐದು ಜನ ಪಿಚರ್‌ಗಳು ಸರದಿಯ ಮೇಲೆ ಬರುತ್ತಾರೆ, ಹಾಗಾಗಿ ಈ ಪ್ರಶ್ನೆಗೆ ದಿನಾ ಬೇರೆ ಉತ್ತರ ಇರುತ್ತದೆ. ಆಮೇಲೆ ಒಬ್ಬ ಆಟಗಾರನನ್ನು ನಿಮ್ಮವನನ್ನಾಗಿ ಮಾಡಿಕೊಳ್ಳಿ. ಹೂಲಿಯೊ ರೊಡ್ರಿಗೆಸ್ ಅಂತ ಒಬ್ಬ ಹುಡುಗ, ಡೊಮಿನಿಕನ್ ರಿಪಬ್ಲಿಕ್‌ನವನು. ಮನೆಯಿಂದ ದೂರ ಬಂದು ಆಡುವ ಮಕ್ಕಳು ಈ ತಂಡದ ತುಂಬ ಇದ್ದಾರೆ. ‘ನಿನ್ನೆ ಹೂಲಿಯೊ ಹೊಡದನೇನು?’ ಅಂದರೆ ಸಾಕು, ನಿಮ್ಮ ಮಗ ಉಳಿದದ್ದನ್ನು ತಾನೇ ಹೇಳುತ್ತಾನೆ.

ಫೋನ್ ಯಾವಾಗ ಮಾಡಬೇಕು ಅನ್ನುವುದೂ ಮುಖ್ಯ. ಪಂದ್ಯ ನಡೆಯುವಾಗ ಬೇಡ, ಬೇಕಾದರೆ ಒಂದು ಮೆಸೇಜ್ ಹಾಕಿ. ಮುಗಿದ ಮೇಲೆ ನಿಮಗೆ ಹತ್ತು ಗಂಟೆ, ಮನೆಗೆಲಸ ಒಂದು ಹಂತಕ್ಕೆ ಬಂದಿರುತ್ತದೆ. ಅವನಿಗೆ ರಾತ್ರಿ ಒಂಬತ್ತೂವರೆ. ಗೆದ್ದಿದ್ದರೆ ಖುಷಿಯಲ್ಲಿರುತ್ತಾನೆ, ಸೋತಿದ್ದರೆ ಯಾರ ಹತ್ತಿರವಾದರೂ ಹೇಳಿಕೊಳ್ಳಬೇಕೆನಿಸಿರುತ್ತದೆ. ಎರಡೂ ನಿಮಗೆ ಒಳ್ಳೆಯದೇ.

2010ರಲ್ಲಿ ಹುಟ್ಟಿದ ನನ್ನ ಮೊಮ್ಮಗಳಿಗೆ ಈಗ ಹದಿನೈದು. ಆ ವಯಸ್ಸಿನ ಮಕ್ಕಳು ಅಜ್ಜಿಯ ಜೊತೆ ಎಷ್ಟು ಮಾತಾಡಿಯಾರು? ಆದರೆ ಪಂದ್ಯದ ದಿನ ಅವಳ ಮೆಸೇಜ್ ತಪ್ಪುವುದಿಲ್ಲ. ಬ್ಯಾಟಿಂಗ್ ಕ್ರಮ ಪ್ರಕಟವಾದ ಕೂಡಲೇ ಕಳಿಸುತ್ತಾಳೆ, ನಾನು ನೋಟ್‌ಬುಕ್ಕಿನಲ್ಲಿ ಹೆಸರು ತುಂಬುತ್ತೇನೆ. ಯಾರನ್ನೋ ಫಾರ್ಮ್ ಇಲ್ಲವೆಂದು ಟಕೋಮಾಗೆ ಕಳಿಸಿದರು ಅಂತ ಅವಳು ಸಿಟ್ಟಾಗುತ್ತಾಳೆ (ಕೆಳಗಿನ ಹಂತದ ತಂಡ ಇರುವುದು ಆ ಊರಲ್ಲಿ), ನಾನು ಸಮಾಧಾನ ಹೇಳುತ್ತೇನೆ. ಆ ಮಾತಿನ ನಡುವೆಯೇ ಸ್ಕೂಲಿನ ಸುದ್ದಿ, ಗೆಳತಿಯ ಜೊತೆ ಮುನಿಸು, ಅಮ್ಮನ ಮೇಲಿನ ದೂರು ಎಲ್ಲ ಬರುತ್ತದೆ. ನೇರವಾಗಿ ಕೇಳಿದರೆ ಬರುತ್ತಿರಲಿಲ್ಲ.

ಇನ್ನೊಂದು ವಿಷಯ. ಕಾಮೆಂಟರಿಯ ನಡುವೆ ಆಗಾಗ ರೈಲಿನ ಕೂಗು ಕೇಳಿಸುತ್ತದೆ. ಮೈದಾನದ ಪಕ್ಕದಲ್ಲೇ ಹಳಿ ಇದೆ. ಅದನ್ನು ಕೇಳಿದಾಗ ನಿಮ್ಮ ಮಗ ಇರುವ ಊರಿನ ಸದ್ದು ಅದೇ ಗಳಿಗೆಯಲ್ಲಿ ನಿಮ್ಮ ಮನೆಯೊಳಗೆ ಇದೆ ಅಂತ ತಿಳಿಯಿರಿ.

ದೂರದ ದೇಶದ ತಂಡಕ್ಕೆ ಅಭಿಮಾನ ಎನ್ನುವುದು ಕೇವಲ ಟಿವಿ ಮೋಹವಲ್ಲವೇ? ಅಭಿಮಾನಿ ಎಂದರೆ ಮೈದಾನಕ್ಕೆ ಹೋಗುವವನು. ನಮ್ಮ ಊರಿನ ಆಟಗಾರರಿಗೆ ಚಪ್ಪಾಳೆ ತಟ್ಟಬಾರದೇ?
— ನಿವೃತ್ತ ಅಧಿಕಾರಿ, ಬೆಂಗಳೂರು

ತಟ್ಟಬೇಕು, ತಟ್ಟಿದ್ದೇನೆ. 2010ರ ಜನವರಿಯಲ್ಲಿ ನಮ್ಮ ಗಂಗೋತ್ರಿ ಮೈದಾನದಲ್ಲಿ ಕರ್ನಾಟಕ-ಮುಂಬೈ ರಣಜಿ ಫೈನಲ್ ನಡೆದಾಗ, ಮರ ಹತ್ತಿ ಕೂತವರ ಕೆಳಗೆ ನಿಂತು ನೋಡಿದವಳು ನಾನು. ಮನೀಶ್ ಪಾಂಡೆಯ ಶತಕ, ಗೆಲುವಿಗೆ 338 ಬೇಕಿದ್ದು 331ಕ್ಕೆ ಮುಗಿದದ್ದು, ಆರು ರನ್ನಿನಿಂದ ಕಪ್ ತಪ್ಪಿದ್ದು. ಸಂಕ್ರಾಂತಿಯ ದಿನ ಎಳ್ಳು-ಬೆಲ್ಲ ಕೊಟ್ಟುಕೊಂಡರೂ ಮೈಸೂರಿನಲ್ಲಿ ಯಾರ ಮುಖದಲ್ಲೂ ಕಳೆ ಇರಲಿಲ್ಲ. ಒಂದು ತಂಡವನ್ನು ಪ್ರೀತಿಸಿದರೆ ಇನ್ನೊಂದಕ್ಕೆ ಕಡಿಮೆಯಾಗುತ್ತದೆ ಅನ್ನುವುದು ನನ್ನ ಅನುಭವವಲ್ಲ.

ಮೈದಾನಕ್ಕೆ ಹೋದವರೇ ಅಭಿಮಾನಿ ಅನ್ನುವುದನ್ನು ಮಾತ್ರ ಒಪ್ಪಲಾರೆ. ಈ ತಂಡ ಸಿಯಾಟಲ್‌ನಲ್ಲಿ ಉಳಿದದ್ದೇ ಒಂದು ಪಂದ್ಯವನ್ನೂ ಮೈದಾನದಲ್ಲಿ ನೋಡದ ಒಬ್ಬರಿಂದ. 1992ರಲ್ಲಿ ಹಳೆಯ ಮಾಲೀಕರು ಮಾರಲು ಹೊರಟಾಗ ತಂಡ ಫ್ಲಾರಿಡಾ ಪಾಲಾಗುವುದರಲ್ಲಿತ್ತು. ಆಗ ದೊಡ್ಡ ಪಾಲಿನ ಹಣ ಹಾಕಿದವರು ಜಪಾನಿನ ನಿಂಟೆಂಡೊ ಕಂಪನಿಯ ಮುಖ್ಯಸ್ಥ ಹಿರೋಶಿ ಯಮಾವುಚಿ. ಅವರ ಕಂಪನಿಯ ಅಮೆರಿಕದ ಕಚೇರಿ ಇದ್ದದ್ದು ರೆಡ್‌ಮಂಡ್‌ನಲ್ಲಿ, ಆ ಊರಿನ ಋಣ ತೀರಿಸಬೇಕೆಂದು ಮುಂದೆ ಬಂದರು. ಬೇಸ್‌ಬಾಲ್ ಬಗ್ಗೆ ಅವರಿಗೆ ವಿಶೇಷ ಆಸಕ್ತಿಯೇ ಇರಲಿಲ್ಲ. ಕ್ಯೋಟೊ ಬಿಟ್ಟು ಕದಲುತ್ತಿರಲಿಲ್ಲ. 2012ರಲ್ಲಿ ತಂಡವೇ ಟೋಕಿಯೊಗೆ ಹೋಗಿ ಸೀಸನ್ನಿನ ಮೊದಲ ಪಂದ್ಯ ಆಡಿದಾಗಲೂ ಅವರು ಬರಲಿಲ್ಲ. 2013ರಲ್ಲಿ ತೀರಿಕೊಂಡರು.

ಅದೇ ಜಪಾನಿನಿಂದ 2001ರಲ್ಲಿ ಇಚಿರೊ ಸುಜುಕಿ ಬಂದ ಮೇಲೆ, ಆ ದೇಶದ ಲಕ್ಷಾಂತರ ಜನ ಸಿಯಾಟಲ್ ತಂಡದ ಮನೆಯವರೇ ಆದರು. ಅವನ ಪಂದ್ಯಗಳು ಅಲ್ಲಿ ಟಿವಿಯಲ್ಲಿ ನೇರವಾಗಿ ಬರುತ್ತಿದ್ದವು, ಸಿಯಾಟಲ್ ಸಂಜೆ ಏಳೆಂದರೆ ಟೋಕಿಯೊದಲ್ಲಿ ಬೆಳಿಗ್ಗೆ ಹನ್ನೊಂದು. 2004ರಲ್ಲಿ ಅವನು ಒಂದೇ ಸೀಸನ್ನಿನಲ್ಲಿ 262 ಹಿಟ್ (ಚೆಂಡು ಹೊಡೆದು ಔಟಾಗದೆ ಬೇಸ್ ಸೇರುವುದು) ಹೊಡೆದು, 1920ರಿಂದ ಉಳಿದಿದ್ದ ಜಾರ್ಜ್ ಸಿಸ್ಲರ್‌ನ 257ರ ದಾಖಲೆ ಮುರಿದ. ಕಳೆದ ವರ್ಷ, ಬೇಸ್‌ಬಾಲ್ ಶ್ರೇಷ್ಠರ ಗೌರವಪಟ್ಟಿಯಾದ ಹಾಲ್ ಆಫ್ ಫೇಮ್‌ನ ಮತದಾನದಲ್ಲಿ 394ರಲ್ಲಿ 393 ಮತ ಬಂತು. ಇಷ್ಟೆಲ್ಲ ವರ್ಷ ಒಸಾಕಾದ ಅಂಗಡಿಯಲ್ಲೋ ನಗೋಯಾದ ಕಚೇರಿಯಲ್ಲೋ ಕೆಲಸದ ನಡುವೆ ಕಿವಿಗೊಟ್ಟು ಕೂತವರ ಅಭಿಮಾನ ನಕಲಿ ಎಂದು ಹೇಗೆ ಹೇಳುವುದು ಸ್ವಾಮಿ? ಅಮೆರಿಕದೊಳಗೇ ನೋಡಿ. ವಾಯವ್ಯ ಮೂಲೆಯ ಅಷ್ಟು ದೊಡ್ಡ ನೆಲಕ್ಕೆ ಮೇಜರ್ ಲೀಗಿನ ಒಂದೇ ತಂಡ ಇದು. ಒರೆಗಾನ್, ಐಡಹೊ, ಅಲಾಸ್ಕದಲ್ಲಿರುವ ಎಷ್ಟೋ ಜನರಿಗೂ ಮೈದಾನ ದೂರವೇ.

ನಮ್ಮ ಆರ್‌ಸಿಬಿ 18ನೇ ಸೀಸನ್ನಿಗಾದರೂ ಕಪ್ ಎತ್ತಿತು. ನಿಮ್ಮ ಟೀಮ್ ಹುಟ್ಟಿದಾಗಿನಿಂದ ಫೈನಲ್ಲೇ ನೋಡಿಲ್ಲವಂತೆ! ಯಾಂಕೀಸ್, ಡಾಡ್ಜರ್ಸ್ ಥರ ಗೆಲ್ಲೋ ಟೀಮ್ ಹಿಡ್ಕೊಬಾರದಾ ಆಂಟಿ?
— ಬಿ.ಕಾಂ. ವಿದ್ಯಾರ್ಥಿ, ತುಮಕೂರು

ನಿಜ. ಮೂವತ್ತು ತಂಡಗಳಲ್ಲಿ ಇದುವರೆಗೆ ವರ್ಲ್ಡ್ ಸೀರೀಸ್ ಆಡದೇ ಇರುವುದು ನಮ್ಮದೊಂದೇ. ಆದರೆ ‘ಈ ಸಲ ಕಪ್ ನಮ್ದೇ’ ಅಂತ ಹದಿನೇಳು ವರ್ಷ ಹೇಳಿದವನು ನೀನು, ನನ್ನನ್ನು ಕೇಳ್ತೀಯಲ್ಲಪ್ಪಾ! ಆ ಹದಿನೇಳು ವರ್ಷ ನೀನು ಚೆನ್ನೈ ಕಡೆಗೆ ಹೋದೆಯಾ? ಇಲ್ಲ ತಾನೇ.

ಈ ತಂಡ ಏನೂ ಕೊಟ್ಟಿಲ್ಲ ಅಂತ ತಿಳಿಯಬೇಡ. 1995ರ ಅಕ್ಟೋಬರ್ 8, ಪ್ಲೇಆಫ್‌ನಲ್ಲಿ ಯಾಂಕೀಸ್ ವಿರುದ್ಧ ಐದನೇ, ನಿರ್ಣಾಯಕ ಪಂದ್ಯ, ಹನ್ನೊಂದನೇ ಇನ್ನಿಂಗ್ಸ್, ಒಂದು ರನ್ ಹಿಂದೆ. ಎಡ್ಗರ್ ಮಾರ್ಟಿನೆಸ್ ಎಡಗಡೆಗೆ ಹೊಡೆದ ಚೆಂಡಿಗೆ ಜೋಯಿ ಕೋರಾ ಬಂದ, ಅವನ ಹಿಂದೆಯೇ ಮೊದಲನೇ ಬೇಸಿನಿಂದ ಕೆನ್ ಗ್ರಿಫಿ ಜೂನಿಯರ್ ಓಡೋಡಿ ಬಂದು, ರನ್ ಪೂರ್ತಿಯಾಗುವ ಹೋಮ್ ಪ್ಲೇಟ್ ಮೇಲೆ ಜಾರಿದ. 6-5. ಬೇರೆ ಊರಿಗೆ ಹೋಗುವ ಮಾತು ಮತ್ತೆ ಮತ್ತೆ ಏಳುತ್ತಿದ್ದ ತಂಡಕ್ಕೆ ಹೊಸ ಮೈದಾನ ಸಿಕ್ಕಿದ್ದು ಆ ವರ್ಷದ ಉತ್ಸಾಹದಿಂದಲೇ. 2001ರಲ್ಲಿ 116 ಪಂದ್ಯ ಗೆದ್ದು, 1906ರ ಶಿಕಾಗೊ ಕಬ್ಸ್ ದಾಖಲೆಯನ್ನು ಸರಿಗಟ್ಟಿತು. ಆಮೇಲೆ ಪ್ಲೇಆಫ್ ಮುಖ ಕಾಣಲು 2022 ಆಗಬೇಕಾಯಿತು. ಈ ನಡುವಿನ ಬರಗಾಲದಲ್ಲೇ ನಾನು ಸೇರಿದ್ದು.

ಆದ್ದರಿಂದ 2022ರ ಆ ಬೆಳಿಗ್ಗೆಯನ್ನು ನನ್ನಿಂದ ಯಾರೂ ಕಸಿದುಕೊಳ್ಳಲಾರರು. ನಮಗೆ ಅಕ್ಟೋಬರ್ 1, ಶನಿವಾರ. ಓಕ್ಲೆಂಡ್ ವಿರುದ್ಧ 1-1, ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್. ಬೇರೊಬ್ಬನ ಬದಲಿಗೆ ಬ್ಯಾಟ್ ಹಿಡಿದು ಬಂದ ಕ್ಯಾಲ್ ರಾಲಿ. ಮೂರು ಬಾಲ್, ಎರಡು ಸ್ಟ್ರೈಕ್, ಇನ್ನೊಂದು ಸ್ಟ್ರೈಕ್ ಆದರೆ ಔಟ್. ಹೊಡೆದ. ರಿಕ್ ರಿಜ್ಸ್ ರೇಡಿಯೊದಲ್ಲಿ ಕೂಗುವುದು, ರೆಡ್‌ಮಂಡ್‌ನಿಂದ ಮಗಳ ಮನೆಯವರೆಲ್ಲ ವಿಡಿಯೊ ಕಾಲ್‌ನಲ್ಲಿ ಕೂಗುವುದು, ನಾನು ಕೂಗುವುದು. ಪಕ್ಕದ ಮನೆಯವರು ಏನಾಯಿತೋ ಅಂತ ಗೇಟಿನ ಹತ್ತಿರ ಬಂದರು. 21 ವರ್ಷದ ಕಾಯುವಿಕೆ ಮುಗಿದ ಗಳಿಗೆಯದು. ಪ್ರತಿ ವರ್ಷ ಗೆಲ್ಲುವ ತಂಡದವರಿಗೆ ಅಂಥದ್ದು ಎಲ್ಲಿ ಸಿಗಬೇಕು?

ಎರಡು ವಾರದ ಮೇಲೆ ಹ್ಯೂಸ್ಟನ್ ವಿರುದ್ಧ ಹದಿನೆಂಟು ಇನ್ನಿಂಗ್ಸ್ ಆಡಿದರು. ರಾತ್ರಿ ಒಂದೂವರೆಯ ಹೊತ್ತಿಗೆ ಶುರುವಾದದ್ದು, ನಾನು ಭಾನುವಾರದ ಸ್ನಾನ ಮುಗಿಸಿ ಬಂದರೂ ಇನ್ನೂ ಸೊನ್ನೆ-ಸೊನ್ನೆ. ಆರು ಗಂಟೆ ಇಪ್ಪತ್ತೆರಡು ನಿಮಿಷ. ಕೊನೆಗೆ ಜೆರಮಿ ಪೆನ್ಯಾ ಒಂದು ಹೋಮ್ ರನ್ ಹೊಡೆದು 1-0. ನನ್ನ ನೋಟ್‌ಬುಕ್ಕಿನಲ್ಲಿ ಒಂಬತ್ತೇ ಇನ್ನಿಂಗ್ಸಿಗೆ ಮನೆ ಇತ್ತು, ಪಕ್ಕದ ಪುಟಕ್ಕೆ ಹಾಳೆ ಅಂಟಿಸಿ ಬರೆದಿದ್ದೇನೆ.

2025 ಇನ್ನೂ ಹಸಿ. ಟೊರಾಂಟೊ ವಿರುದ್ಧ ಏಳನೇ ಪಂದ್ಯ, ಗೆದ್ದರೆ ವರ್ಲ್ಡ್ ಸೀರೀಸ್. ನಮಗೆ ಅಂದು ದೀಪಾವಳಿ ಅಮಾವಾಸ್ಯೆ, ಬೆಳಿಗ್ಗೆ ಐದೂಮುಕ್ಕಾಲಿನೊಳಗೆ ಮೊದಲ ಚೆಂಡು. ಹೂಲಿಯೊ ಒಂದು ಹೋಮ್ ರನ್, ರಾಲಿ ಒಂದು ಹೋಮ್ ರನ್, 3-1ರ ಮುನ್ನಡೆ. ಏಳನೇ ಇನ್ನಿಂಗ್ಸಿನಲ್ಲಿ ಜಾರ್ಜ್ ಸ್ಪ್ರಿಂಗರ್ ಒಂದೇ ಹೊಡೆತಕ್ಕೆ ಮೂರು ರನ್ ತಂದ. 4-3. ಅಲ್ಲಿಂದ ಮುಂದೆ ಬದಲಾಗಲಿಲ್ಲ. ಕೊನೆಯ ಔಟ್‌ವರೆಗೂ ಕೂತು ಬರೆದೆ, ಬರೆಯದೆ ಎದ್ದುಹೋಗುವುದು ತಂಡಕ್ಕೆ ಮಾಡುವ ದ್ರೋಹ ಅನ್ನಿಸಿತು. ಮೊಮ್ಮಗಳು ಫೋನ್ ಮಾಡಿ ಅತ್ತಳು, ನಾನೂ ಅತ್ತೆ. ಅವಳಿಗೆ ಸಾಂತ್ವನ ಹೇಳಲು ನನ್ನ ಬಳಿ ಮಾತೇನೂ ಇರಲಿಲ್ಲ, ಫೋನ್ ಇಡಲೂ ಇಬ್ಬರಿಗೂ ಮನಸ್ಸಾಗಲಿಲ್ಲ. ಆಮೇಲೆ ಅವಳೇ ಮುಂದಿನ ಸೀಸನ್ನಿನ ತಯಾರಿಯ ಬಗ್ಗೆ ಕೇಳಿದಳು, ‘ಅಜ್ಜಿ, ಸ್ಪ್ರಿಂಗ್ ಟ್ರೈನಿಂಗ್ ಯಾವಾಗ?’

ಡಾಡ್ಜರ್ಸ್ ಹಿಡ್ಕೊಳ್ಳಲಾ? ಇಲ್ಲಪ್ಪ.

ಹತ್ತು ವರ್ಷ ಸಿಯಾಟಲ್‌ನಲ್ಲಿದ್ದು ಈಗ ಕೆಲಸದ ಮೇಲೆ ಡಲ್ಲಾಸ್‌ಗೆ ಬಂದಿದ್ದೇವೆ. ಮಗನ ಸ್ಕೂಲಿನಲ್ಲಿ ಎಲ್ಲರೂ ಟೆಕ್ಸಸ್ ರೇಂಜರ್ಸ್. ನಾವೂ ಬದಲಾಗಬೇಕೇ?
— ಡಲ್ಲಾಸ್‌ನ ಕನ್ನಡಿತಿ

ನೀವು ಬದಲಾಗಬೇಡಿ. ಮಗನಿಗೆ ಅವನ ತಂಡ ಅವನೇ ಆರಿಸಿಕೊಳ್ಳಲಿ, ಊಟದ ಮೇಜಿನಲ್ಲಿ ಎರಡು ಪಕ್ಷ ಇದ್ದರೆ ಒಳ್ಳೆಯದೇ.

ನಿಮಗೆ ಅನುಕೂಲವೂ ಇದೆ. ಸಿಯಾಟಲ್‌ನಲ್ಲಿದ್ದಾಗ ಲೀಗಿನ ವಿಡಿಯೊ ಪ್ಯಾಕೇಜು ಕೊಂಡರೂ ಸ್ಥಳೀಯ ಚಾನೆಲ್ಲಿನ ಹಕ್ಕಿನ ಕಾರಣಕ್ಕೆ ಅದರಲ್ಲಿ ಮ್ಯಾರಿನರ್ಸ್ ಪಂದ್ಯವನ್ನೇ ತಡೆಹಿಡಿಯುತ್ತಿದ್ದರು. ದೂರ ಹೋದವರಿಗೆ ಆ ಅಡ್ಡಿ ಇಲ್ಲ. ನಿಮಗೆ ತಪ್ಪುವುದು ರೇಂಜರ್ಸ್ ಮತ್ತು ಹ್ಯೂಸ್ಟನ್ ವಿರುದ್ಧದ ಪಂದ್ಯಗಳಷ್ಟೇ ಇರಬಹುದು, ಚಂದಾ ಕಟ್ಟುವ ಮೊದಲು ನಿಮ್ಮ ಪಿನ್‌ಕೋಡ್ ಹಾಕಿ ನೋಡಿಕೊಳ್ಳಿ. ಅದಕ್ಕೂ ಪರಿಹಾರವಿದೆ. ರೇಂಜರ್ಸ್, ಹ್ಯೂಸ್ಟನ್ ಎರಡೂ ನಮ್ಮ ವಿಭಾಗದವೇ, ಹಾಗಾಗಿ ಪ್ರತಿ ವರ್ಷ ಮ್ಯಾರಿನರ್ಸ್, ರೇಂಜರ್ಸ್ ಮೈದಾನ ಇರುವ ಆರ್ಲಿಂಗ್ಟನ್‌ಗೆ ಬಂದೇ ಬರುತ್ತಾರೆ. ಮೈಸೂರಿನಲ್ಲಿ ಕೂತ ನನಗೆ ಆ ಭಾಗ್ಯ ಎಲ್ಲಿದೆ? ನೀಲಿ ಟೋಪಿ ಹಾಕಿಕೊಂಡು ಹೋಗಿ. ಬೇರೆ ಊರಿನ ಮೈದಾನದಲ್ಲಿ ನಿಮ್ಮ ಟೋಪಿ ಕಂಡ ಅಪರಿಚಿತರು ತಾವಾಗಿ ಬಂದು ಮಾತಾಡಿಸುತ್ತಾರೆ, ಹೊಸ ಊರಿನಲ್ಲಿ ಅದು ಸಣ್ಣ ವಿಷಯವಲ್ಲ.

ಜುಲೈನಲ್ಲಿ ಮಗಳ ಮನೆಗೆ ಸಿಯಾಟಲ್‌ಗೆ ಹೊರಟಿದ್ದೇವೆ. ನಾನೂ ನಮ್ಮ ಯಜಮಾನರೂ ಒಂದು ಪಂದ್ಯ ನೋಡಬೇಕೆಂದಿದ್ದೇವೆ. ಎಲ್ಲಿ ಕೂರುವುದು, ಏನು ತಿನ್ನುವುದು? ನಾವು ಸಸ್ಯಾಹಾರಿಗಳು.
— ಓದುಗಿ, ಹಾಸನ

ಖಂಡಿತ ಹೋಗಿ! ಮೈದಾನದ ಹೆಸರು ಈಗ ಟಿ-ಮೊಬೈಲ್ ಪಾರ್ಕ್. ಪಾರ್ಕಿಂಗ್ ದುಬಾರಿ, ಮಗಳಿಗೆ ಕಾರು ತರಬೇಡ ಅನ್ನಿ. ಲೈಟ್ ರೈಲಿನಲ್ಲಿ ಸ್ಟೇಡಿಯಂ ಸ್ಟೇಷನ್ನಿನಲ್ಲಿ ಇಳಿದರೆ ಸ್ವಲ್ಪವೇ ನಡಿಗೆ. ವಾರದ ನಡುವಿನ ಪಂದ್ಯ ನೋಡಿಕೊಳ್ಳಿ, ವಾರಾಂತ್ಯಕ್ಕಿಂತ ಟಿಕೆಟ್ ಅಗ್ಗ.

ಸೀಟು ಮೇಲಿನ ಅಂತಸ್ತಿನಲ್ಲಿ, ಮೊದಲನೇ ಬೇಸಿನ ಕಡೆ ತೆಗೆದುಕೊಳ್ಳಿ. ಬೆಲೆ ಕಡಿಮೆ, ಆಟದ ವಿನ್ಯಾಸ ಪೂರ್ತಿ ಕಾಣುತ್ತದೆ, ಎದುರಿಗೆ ಊರಿನ ಎತ್ತರದ ಕಟ್ಟಡಗಳು. ಮಳೆ ಬಂದರೆ ಮೈದಾನದ ಚಾವಣಿ ಗಾಲಿಗಳ ಮೇಲೆ ಸರಿದು ಬಂದು ಮುಚ್ಚಿಕೊಳ್ಳುತ್ತದೆ, ಆದರೆ ಪಕ್ಕಗಳು ತೆರೆದೇ ಇರುತ್ತವೆ, ಗಾಳಿ ನುಗ್ಗುತ್ತದೆ. ಜುಲೈ ಅಂತ ನಂಬಿ ಬರೀ ಸೀರೆಯಲ್ಲಿ ಹೋಗಬೇಡಿ, ಸೂರ್ಯ ಮುಳುಗಿದ ಮೇಲೆ ಸ್ವೆಟರ್ ಬೇಕೇ ಬೇಕು. ಯಜಮಾನರಿಗೆ ಮಫ್ಲರ್.

ತಿಂಡಿಗೆ ಯೋಚನೆ ಬೇಡ. ಹೊರಗಿನಿಂದ ತಿನಿಸು ಒಯ್ಯಲು ಅಲ್ಲಿ ಬಿಡುತ್ತಾರೆ. ಒಬ್ಬೊಬ್ಬರಿಗೆ ಸಾಕಾಗುವಷ್ಟು ಸಣ್ಣ ಸಣ್ಣ ಪೊಟ್ಟಣ ಮಾಡಿ, ಒಳಗಿರುವುದು ಕಾಣುವ ಪಾರದರ್ಶಕ ಚೀಲದಲ್ಲಿ ಇಟ್ಟುಕೊಳ್ಳಿ. ನಾನು ಪುಳಿಯೋಗರೆ ಒಯ್ದಿದ್ದೆ. ಪಕ್ಕದ ಸೀಟಿನಲ್ಲಿದ್ದ ಅಜ್ಜ ವಾಸನೆಗೆ ತಿರುಗಿ ನೋಡಿದರು, ಕೊಟ್ಟೆ, ಇನ್ನೊಂದು ಪೊಟ್ಟಣ ಕೇಳಿ ತಿಂದರು. ಅಲ್ಲಿಯ ಬೆಳ್ಳುಳ್ಳಿ ಹಾಕಿದ ಆಲೂಗಡ್ಡೆ ಫ್ರೈಸ್ ಹೆಸರುವಾಸಿ, ಅದನ್ನು ತಪ್ಪಿಸಬೇಡಿ. ಹುರಿದ ಮಿಡತೆಯನ್ನು ಖಾರ-ನಿಂಬೆ ಹಚ್ಚಿ ಮಾರುವ ಅಂಗಡಿಯೂ ಇದೆ, ಕಡಲೆಬೀಜ ಅಂದುಕೊಂಡು ಕೈಹಾಕದಂತೆ ಯಜಮಾನರಿಗೆ ಮೊದಲೇ ಹೇಳಿಡಿ.

ಒಂದು ಗಂಟೆ ಮುಂಚೆ ಹೋಗಿ ಒಳಗೊಂದು ಸುತ್ತು ಹಾಕಿ. ಮೈಕಿನ ಮುಂದೆ ಕೂತಿರುವ ಡೇವ್ ನೀಹಾಸ್ ಅವರ ಕಂಚಿನ ಪ್ರತಿಮೆ ಇದೆ, ಪಕ್ಕದಲ್ಲಿ ಖಾಲಿ ಸೀಟೊಂದನ್ನು ಬಿಟ್ಟಿದ್ದಾರೆ. ಅಲ್ಲಿ ಕೂತು ಇಬ್ಬರೂ ಫೋಟೊ ತೆಗೆಸಿಕೊಳ್ಳಿ, ನನಗೊಂದು ಪ್ರತಿ ಕಳಿಸಿ. ಏಳನೇ ಇನ್ನಿಂಗ್ಸಿನ ನಡುವೆ ಎಲ್ಲರೂ ಎದ್ದು ಹಾಡುತ್ತಾರೆ, ನೀವೂ ಏಳಿ, ಪದ ಬಾರದಿದ್ದರೂ ಪರವಾಗಿಲ್ಲ. ಹೊರಡುವ ಹಿಂದಿನ ದಿನ ಆ ಪಂದ್ಯಕ್ಕೆ ಪಿಚರ್ ಯಾರೆಂದು ಮಗಳನ್ನು ಕೇಳಿ ತಿಳಿದುಕೊಳ್ಳಿ. ಮತ್ತೆ, ಸ್ಕೋರ್ ಬರೆಯಲು ಪೆನ್ಸಿಲ್ ಇಟ್ಟುಕೊಳ್ಳಿ. ಪೆನ್ನಾದರೆ ಅಳಿಸಿ ತಿದ್ದಲು ಬರುವುದಿಲ್ಲ.